ನಮ್ಮ ಪದವಿನ 9 ಹೋಲಿನ ಡಿಸ್ಕ್ ಗಾಲ್ಫ್ ಕೋರ್ಸ್: ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ?

ಪದವಿನ ಹುಡುಗ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಮೂರು ವರ್ಷ ಫಿನ್ಲೆಂಡಿನ ಟಾಂಪೆರೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಡಿಸ್ಕ್ ಗಾಲ್ಫಿನ ಹುಚ್ಚು ಹಿಡಿಯಿತು. ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳುತ್ತೇನೆ. ಗಾಲ್ಫಿನ ಹಾಗೇ ಆಟ, ಆದರೆ ಚೆಂಡು ಕೋಲಿನ ಬದಲು ಕೈಯಿಂದ ಎಸೆಯುವ ಪ್ಲಾಸ್ಟಿಕ್ ಡಿಸ್ಕ್, ನೆಲದ ಗುಂಡಿಯ ಬದಲು ಕಂಬಕ್ಕೆ ಚೈನು ಇಳಿಬಿಟ್ಟ ಕಬ್ಬಿಣದ ಬಾಸ್ಕೆಟ್. ಎಸೆತ ಶುರು ಮಾಡುವ ಜಾಗಕ್ಕೆ ಟೀ ಅನ್ನುತ್ತಾರೆ. ಟೀಯಿಂದ ಎಸೆಯುವುದು, ಬಿದ್ದಲ್ಲಿಂದ ಮತ್ತೆ ಎಸೆಯುವುದು, ಬಾಸ್ಕೆಟಿಗೆ ಬೀಳುವವರೆಗೆ ಎಷ್ಟು ಎಸೆತವೋ ಅಷ್ಟು ಸ್ಕೋರ್. ಒಂದು ಟೀಯಿಂದ ಅದರ ಬಾಸ್ಕೆಟಿನವರೆಗೆ ಒಂದು ಹೋಲ್. ಕಡಿಮೆ ಸ್ಕೋರ್ ಮಾಡಿದವರು ಗೆದ್ದರು. ಅಲ್ಲಿ ಹೆಚ್ಚಿನ ಕೋರ್ಸ್‌ಗಳು ಊರಿನ ಪಾರ್ಕ್ ಇದ್ದ ಹಾಗೆ. ದುಡ್ಡು ಕೊಡಬೇಕಾಗಿಲ್ಲ, ಅಜ್ಜ ಮೊಮ್ಮಗ ಇಬ್ಬರೂ ಒಟ್ಟಿಗೆ ಬಂದು ಆಡುತ್ತಾರೆ. ಟಾಂಪೆರೆಯ ಪಕ್ಕದ ನೋಕಿಯಾ ಊರಿನಲ್ಲಿ 'ದಿ ಬೀಸ್ಟ್' ಅಂತ ದೊಡ್ಡ ಕೋರ್ಸ್ ಉಂಟು, ಯುರೋಪಿಯನ್ ಓಪನ್ ಎಂಬ ದೊಡ್ಡ ಪಂದ್ಯಾವಳಿ ಹಲವು ಸಲ ನಡೆದ ಜಾಗ. ಅಲ್ಲಿ ಆಡಿದ ದಿನವೇ ನನಗೆ ನಮ್ಮ ಪದವು, ಅಂದರೆ ಊರಿನ ಮುರಕಲ್ಲಿನ ಬಯಲು ಗುಡ್ಡೆ, ನೆನಪಾದದ್ದು.

ಊರಿಗೆ ಬಂದ ಮೇಲೆ ನಮ್ಮ ಕ್ಲಬ್ಬಿನ ಮೈದಾನ ಮತ್ತು ಅದರ ಹಿಂದಿನ ಪದವು ಸೇರಿಸಿ 9 ಹೋಲ್ ಮಾಡಿದ್ದೇವೆ. ಬಾಸ್ಕೆಟ್ ಎಲ್ಲ ಇಲ್ಲಿಯೇ ವೆಲ್ಡಿಂಗ್ ಮಾಡಿಸಿದ್ದು. ಟೇಪ್ ಹಿಡಿದು ಅಳೆದಿದ್ದೇನೆ: 62, 70, 55, 78, 95, 84, 110, 48, 138 ಮೀಟರ್. ಒಟ್ಟು 740. ಕೊನೆಯದ್ದು ಪಾರ್ 4 (ಚೆನ್ನಾಗಿ ಆಡುವವರಿಗೆ ಇಷ್ಟು ಎಸೆತ ಬೇಕು ಅಂತ ಇಟ್ಟ ಲೆಕ್ಕವೇ ಪಾರ್), ಉಳಿದದ್ದೆಲ್ಲ ಪಾರ್ 3. ನಾಲ್ಕನೇ ಹೋಲ್ ಗೇರು ಹಿತ್ತಿಲಿನ ಒಳಗೆ ಹೋಗುತ್ತದೆ, ಜಾಗದವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಆರನೆಯದು ನನಗೆ ತುಂಬಾ ಇಷ್ಟದ್ದು. ಹಳೆಯ ಮುರಕಲ್ಲು ಕೋರೆ ಒಂದಿದೆ, ಎರಡಾಳು ಆಳ. ಈಚೆ ದಂಡೆಯಿಂದ ಆಚೆ ದಂಡೆಗೆ ಎಸೆಯಬೇಕು. ಸಂಜೆ ಬಿಸಿಲಲ್ಲಿ ಆ ಕೆಂಪು ಗೋಡೆಯ ಮೇಲೆ ಡಿಸ್ಕಿನ ನೆರಳು ಓಡುವುದನ್ನು ನೋಡಿದರೆ ಸಾಕು.

ಈಗ ವಿಷಯ. ಮಳೆ ಹಿಡಿಯುವ ಮುಂಚೆ ಕಂಬಗಳಿಗೆ ಕಾಂಕ್ರೀಟ್ ಹಾಕಿ ಮುಗಿಸಬೇಕು. ಆಡಿದವರ ಹತ್ತಿರ ಹೇಗಿದೆ ಅಂತ ಕೇಳಿದರೆ ಎಲ್ಲರೂ 'ಒಳ್ಳೇದುಂಟು' ಅನ್ನುತ್ತಾರೆ. ಆ ಮಾತಿನಿಂದ ನನಗೆ ಎಂತದ್ದೂ ಗೊತ್ತಾಗುವುದಿಲ್ಲ. ಯೂಡಿಸ್ಕ್ ಆ್ಯಪ್‌ನಲ್ಲಿ ಜನ ಕೊಡುವ ನಕ್ಷತ್ರ ನೋಡಿದರೂ ಅಷ್ಟೇ, ಯಾಕೆ ನಾಲ್ಕು, ಯಾಕೆ ಎರಡು ಅಂತ ಯಾರೂ ಬರೆಯುವುದಿಲ್ಲ. ಒಂದು ಕೋರ್ಸ್‌ನ ವಿನ್ಯಾಸ ಸರಿ ಇದೆಯಾ, ಎಲ್ಲರಿಗೂ ಆಡಲಿಕ್ಕೆ ಆಗುತ್ತದಾ ಅಂತ ತಿಳಿಯುವುದು ಹೇಗೆ? ಏನನ್ನು ನೋಡಬೇಕು? ಅನುಭವ ಇದ್ದವರು ಮುಲಾಜಿಲ್ಲದೆ ಹೇಳಿ. ಬೈದರೂ ಪರವಾಗಿಲ್ಲ.

ದೂರದ ಕುಂಬಳೆ, ಒರೆಗಾನ್:

ತಮ್ಮಾ, ಓದಿ ಮನಸ್ಸು ತುಂಬಿತು. ನಾನು ಕುಂಬಳೆಯವ, ಅಮೆರಿಕಕ್ಕೆ ಬಂದು 11 ವರ್ಷ ಆಯಿತು. ಇಲ್ಲಿ ನಮ್ಮ ಬಡಾವಣೆಯ ಪಬ್ಲಿಕ್ ಕೋರ್ಸ್‌ಗೆ ಶನಿವಾರ ಶ್ರಮದಾನಕ್ಕೆ ಹೋಗುವವರಲ್ಲಿ ನಾನೂ ಒಬ್ಬ. ಗುದ್ದಲಿ ಹಿಡಿದು ಕಲಿತದ್ದನ್ನೇ ಹೇಳುತ್ತೇನೆ.

ಮೊದಲ ಮಾತು, ಎರಡು ವಾರ ನೀವು ಆಡಬೇಡಿ. ನಿಮ್ಮ ಕೋರ್ಸ್ ನಿಮ್ಮ ಕೈಗೆ ಅಳತೆ ಮಾಡಿ ಹೊಲಿದ ಅಂಗಿ. ನಿಮಗೆ ಅದು ಸರಿಯಾಗಿಯೇ ಕೂರುತ್ತದೆ. ಒಂದು ನೋಟ್‌ಬುಕ್ ಹಿಡಿದು ಬದಿಯಲ್ಲಿ ನಿಂತು ಬೇರೆಯವರು ಆಡುವುದನ್ನು ನೋಡಿ. ಬಾಯಿ ಹಾಕಬೇಡಿ, ಹೀಗೆ ಎಸೆ ಹಾಗೆ ಎಸೆ ಅನ್ನಬೇಡಿ.

ಎಂತ ಬರೆಯಬೇಕು? ಪ್ರತಿ ಹೋಲ್‌ಗೆ ಪ್ರತಿಯೊಬ್ಬರ ಸ್ಕೋರ್. ಹದಿನೈದು ಇಪ್ಪತ್ತು ಜನರದ್ದು ಸಿಕ್ಕಿದರೆ ಹೋಲ್ ತಾನೇ ಮಾತಾಡುತ್ತದೆ. ಎಲ್ಲರೂ 3 ಮಾಡಿದ್ದಾರೆ ಅಂದರೆ ಆ ಹೋಲ್ ಚೆನ್ನಾಗಿ ಎಸೆದವನಿಗೆ ಏನೂ ಕೊಡಲಿಲ್ಲ, ಕೆಟ್ಟದಾಗಿ ಎಸೆದವನಿಂದ ಏನೂ ಕೇಳಲಿಲ್ಲ. ನಿಮ್ಮ ಮೂರನೇ ಹೋಲ್, 55 ಮೀಟರ್, ಬಯಲು ಅಂತ ಕಾಣುತ್ತದೆ, ಅದರ ಕತೆ ಇದೇ ಇರಬಹುದು. ಒಳ್ಳೆಯ ಹೋಲ್‌ನಲ್ಲಿ 2, 3, 4, 5 ಅಂತ ಸ್ಕೋರ್ ಹರಡಿಕೊಂಡಿರುತ್ತದೆ. ಆದರೆ ಹರಡಿದರೆ ಮಾತ್ರ ಸಾಲದು. ಯಾಕೆ ಹರಡಿತು ಅಂತ ನೋಡಬೇಕು. ಗೇರು ಹಿತ್ತಿಲಿನ ಹೋಲ್ ಹೇಳಿದಿರಲ್ಲ, ಅಲ್ಲಿ ಒಬ್ಬ ಚೆನ್ನಾಗಿ ಆಡುವವನ ಕೈಯಲ್ಲಿ ಒಂದೇ ತರಹ ಹತ್ತು ಡಿಸ್ಕ್ ಎಸೆಸಿ. ಎಂಟು ಒಂದೇ ಕಡೆ ಬಿದ್ದರೆ ಅದು ಕೈಚಳಕದ ಹೋಲ್. ಒಂದು ದಾಟಿ ಹೋಗಿ, ಒಂದು ಕೊಂಬೆಗೆ ತಾಗಿ ಹಿಂದೆ ಬಂದು, ಇನ್ನೊಂದು ಪೊದೆಗೆ ನುಗ್ಗಿ, ಹೀಗೆ ಹತ್ತೂ ಹತ್ತು ದಿಕ್ಕಿಗೆ ಹೋದರೆ ಅಲ್ಲಿ ಆಟ ಇಲ್ಲ, ಲಾಟರಿ. ಗೇರುಮರದ ಕೊಂಬೆ ನೆಲದವರೆಗೆ ಬಾಗಿರುತ್ತದೆ, ನಮಗೆ ಗೊತ್ತಿದ್ದದ್ದೇ ಅಲ್ವಾ. ಎರಡು ಮರದ ನಡುವೆ ಕಣ್ಣಿಗೆ ಕಾಣುವ ಒಂದು ದಾರಿ ಬೇಕು, ಟೀಯಲ್ಲಿ ನಿಂತವನಿಗೆ 'ಇಲ್ಲಿಂದ ಹೋಗಬೇಕು' ಅಂತ ತೋರಬೇಕು.

ಎರಡನೆಯದು ಇನ್ನೂ ಮುಖ್ಯ. ಒಳ್ಳೆಯ ಎಸೆತ ಎಲ್ಲಿ ಬೀಳುತ್ತದೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಕೆಟ್ಟ ಎಸೆತ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿ, ಎಸೆದರೆ ಡಿಸ್ಕ್ ವೇಗ ಇಳಿದ ಹಾಗೆ ಎಡಕ್ಕೆ ಬಾಗುತ್ತದೆ. ಹೊಸಬರು ತಡವಾಗಿ ಕೈಬಿಟ್ಟರೆ ನೇರ ಬಲಕ್ಕೆ ಹಾರುತ್ತದೆ. ಆದ್ದರಿಂದ ಪ್ರತಿ ಟೀಯಿಂದ ಬೀಸಣಿಗೆಯ ಹಾಗೆ ಅಗಲವಾದ ಒಂದು ಜಾಗ ಉಂಟು ಅಂತ ತಿಳಿಯಿರಿ, ಆ ಬೀಸಣಿಗೆಯೊಳಗೆ ದಾರಿ, ಮನೆ, ಇನ್ನೊಂದು ಹೋಲಿನ ಟೀ ಯಾವುದೂ ಬರಬಾರದು. ಡಿಸ್ಕ್ ಅಂದರೆ ಮಕ್ಕಳ ಫ್ರಿಸ್ಬೀ ಅಲ್ಲ. 175 ಗ್ರಾಮಿನ ಗಟ್ಟಿ ಪ್ಲಾಸ್ಟಿಕ್, ದೂರ ಎಸೆಯಲಿಕ್ಕಿರುವ ಡ್ರೈವರ್ ಡಿಸ್ಕಿನ ಅಂಚು ಚೂಪು, ಚೆನ್ನಾಗಿ ಎಸೆಯುವವರ ಕೈಯಿಂದ ಗಂಟೆಗೆ 80, 90 ಕಿ.ಮೀ. ವೇಗದಲ್ಲಿ ಹೊರಡುತ್ತದೆ.

ಇದು ತಿಳಿಯಲು ಒಂದು ಉಪಾಯ ಹೇಳುತ್ತೇನೆ. ನಮ್ಮಲ್ಲಿ ಏಳನೇ ಹೋಲ್‌ನ ಪಕ್ಕ ದೊಡ್ಡ ಫರ್ ಮರ ಇತ್ತು. ಫೇರ್‌ವೇಯಿಂದ, ಅಂದರೆ ಡಿಸ್ಕ್ ಹೋಗಬೇಕಾದ ದಾರಿಯಿಂದ, ತುಂಬಾ ದೂರ, ಅಲ್ಲಿಗೆ ಯಾರೂ ಎಸೆಯುವುದಿಲ್ಲ ಅಂತಲೇ ನಾವು ನಂಬಿದ್ದೆವು. ಒಂದು ದಿನ ಕಳೆ ಕೀಳುತ್ತಾ ಹತ್ತಿರ ಹೋಗಿ ನೋಡಿದರೆ ಎದೆಯ ಎತ್ತರದಲ್ಲಿ ತೊಗಟೆ ಪೂರ್ತಿ ಎದ್ದು ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ಅಂಗೈ ಅಗಲದ ಗಾಯ, ಒಂದರ ಮೇಲೊಂದು. ಮರ ಲೆಕ್ಕ ಇಟ್ಟಿತ್ತು, ನಾವು ಇಟ್ಟಿರಲಿಲ್ಲ. ನಿಮ್ಮಲ್ಲೂ ನೋಡಿ, ಮರದ ಮೈಯಲ್ಲಿ, ಕಲ್ಲಿನ ಅಂಚಿನಲ್ಲಿ ಗುರುತು ಸಿಗುತ್ತದೆ.

ಇನ್ನು ಸಣ್ಣ ವಿಷಯಗಳು. ಬಾಸ್ಕೆಟಿನ ಕೆಳಗಿನ ತೊಟ್ಟಿಯ ಅಂಚು ನೆಲದಿಂದ ಸುಮಾರು 82 ಸೆಂ.ಮೀ. ಇರಲಿ, ಆರು ಆಚೀಚೆ ಆದರೂ ನಡೆಯುತ್ತದೆ. ಬಾಸ್ಕೆಟ್ ಸುತ್ತ 10 ಮೀಟರ್ ಪಟ್ ಮಾಡುವ, ಅಂದರೆ ಹತ್ತಿರದಿಂದ ಬಾಸ್ಕೆಟಿಗೆ ಎಸೆಯುವ, ವೃತ್ತ, ಅದರೊಳಗೆ ಕಾಲಿಗೆ ಎಡವುವ ಕಲ್ಲು ಇರಬಾರದು. ಒಂದು ಬಾಸ್ಕೆಟಿಗೂ ಮುಂದಿನ ಟೀಗೂ ನಡುವೆ 20 ಮೀಟರಾದರೂ ಬಿಡಿ. ಟೀಗಳಲ್ಲಿ ಬೋರ್ಡ್ ಹಾಕಿ: ಹೋಲ್ ನಂಬರ್, ದೂರ, ಪಾರ್, ಮುಂದಿನ ಟೀ ಎತ್ತ ಅಂತ ಬಾಣ. ಹೊಸಬ ದಾರಿ ಕೇಳದೆ ಒಂಬತ್ತೂ ಮುಗಿಸಿ ಹೊರಗೆ ಬರಬೇಕು.

ಆರನೇ ಹೋಲ್ ಬಗ್ಗೆ ನನಗೆ ಹೆದರಿಕೆ ಉಂಟು. ನೀವು ನೋಡಿ ಬರೆಯಿರಿ, ಆಮೇಲೆ ಹೇಳುತ್ತೇನೆ.

ಪಿ.ಟಿ. ಮಾಷ್ಟ್ರು, ಮುಳ್ಳೇರಿಯ:

ಕಳೆದ ತಿಂಗಳು ನಮ್ಮ ಏಳನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಬಂದಿದ್ದೆ, ನೆನಪುಂಟಲ್ಲ? ಆ ದಿನ ನಾನು ಕಂಡದ್ದನ್ನು ಹೇಳುತ್ತೇನೆ.

ಆ ಪ್ರಾಯದ ಮಕ್ಕಳ ಎಸೆತ 25, 30 ಮೀಟರ್. ನಿಮ್ಮ ಒಂಬತ್ತನೇ ಹೋಲ್ 138. ಬಿಸಿಲಲ್ಲಿ ಏಳೆಂಟು ಸಲ ಎಸೆದು ಎಸೆದು ಅರ್ಧ ಮಕ್ಕಳು ಡಿಸ್ಕ್ ಕೈಯಲ್ಲಿ ಹಿಡಿದುಕೊಂಡು ನಡೆದೇ ಹೋದರು. ಅದೇ ಎಂಟನೇ ಹೋಲ್‌ನಲ್ಲಿ, ಆ 48 ಮೀಟರಿನದ್ದರಲ್ಲಿ, 'ಮಾಷ್ಟ್ರೇ ಇನ್ನೊಂದು ಸಲ' ಅಂತ ಬಿಡಲೇ ಇಲ್ಲ. ಎರಡು ಎಸೆತದಲ್ಲಿ ಚೈನಿನ ಹತ್ತಿರ ಬರುತ್ತದೆ, ಮೂರನೆಯದಕ್ಕೆ ಝಣ್ ಅಂತ ಸದ್ದು. ಆ ಸದ್ದಿಗಾಗಿಯೇ ಮಕ್ಕಳು ಆಡುವುದು. ಹಾಗಾಗಿ ನನ್ನ ಮಟ್ಟಿಗೆ ಕೋರ್ಸ್ ಅಳೆಯುವ ಕೋಲು ಇದು: ಆ ಮಗು ಇನ್ನೊಂದು ಸಲ ಕೇಳಿತಾ?

ಪ್ರತಿ ಹೋಲ್‌ಗೆ ಎರಡು ಟೀ ಮಾಡಿ. ಹಿಂದಿನದ್ದು ದೊಡ್ಡವರಿಗೆ, ಮುಂದಿನದ್ದು ಮಕ್ಕಳಿಗೂ ಹೊಸಬರಿಗೂ. ನೆಲಕ್ಕೆ ಒಂದು ಬಣ್ಣದ ಕಲ್ಲು ಹೂತರೆ ಸಾಕು, ಖರ್ಚಿಲ್ಲ. ಮಕ್ಕಳಿಗೆ 150 ಗ್ರಾಮಿನ ಒಳಗಿನ ಹಗುರ ಡಿಸ್ಕ್ ಇಡಿ, ನಿಮ್ಮ ಭಾರದ ಡ್ರೈವರ್ ಅವರ ಕೈಗೆ ಕೊಡಬೇಡಿ. ಅದು ವೇಗ ಇಲ್ಲದಿದ್ದರೆ ಹಾರುವುದೇ ಇಲ್ಲ, ಸೀದಾ ಎಡಕ್ಕೆ ಕುಸಿಯುತ್ತದೆ. ಮಗು ತನ್ನ ಕೈಯಲ್ಲೇ ಏನೋ ದೋಷ ಅಂದುಕೊಳ್ಳುತ್ತದೆ.

ಇನ್ನೊಂದು. ಎಡಗೈಯ ಹುಡುಗಿ ಒಬ್ಬಳು ಇದ್ದಳಲ್ಲ, ಮೊದಲ ಹೋಲ್‌ನಲ್ಲಿ ಎಲ್ಲರೂ ಅವಳಿಗೆ ಬುದ್ಧಿ ಹೇಳುವವರೇ, ಬಲಗೈಯಲ್ಲಿ ಎಸೆ ಅಂತ. ಎರಡನೇ ಹೋಲ್ ಅಕೇಶಿಯಾ ಮರಗಳನ್ನು ಸುತ್ತಿ ಬಲಕ್ಕೆ ತಿರುಗುತ್ತದೆ. ಅಲ್ಲಿ ಅವಳ ಡಿಸ್ಕ್ ತಾನಾಗಿ ಬಲಕ್ಕೆ ಬಾಗಿತು. ಅವಳು 4, ಗಂಡುಮಕ್ಕಳು 6, 7. ಆಮೇಲೆ ಯಾರೂ ಅವಳಿಗೆ ಬುದ್ಧಿ ಹೇಳಲಿಲ್ಲ. ಅವಳ ಮುಖ ನೀವು ನೋಡಬೇಕಿತ್ತು. ಆದರೆ ಇಡೀ ಕೋರ್ಸ್‌ನಲ್ಲಿ ಬಲಕ್ಕೆ ತಿರುಗುವ ಹೋಲ್ ಅದೊಂದೇ ಅಂತ ನನ್ನ ಲೆಕ್ಕ. ಇನ್ನೆರಡಾದರೂ ಮಾಡಿ.

ನೀರ್ಚಾಲಿನ ಅಕ್ಕ:

ನಾನು ಈ ಆಟ ಆಡಿದವಳಲ್ಲ. ಆದರೆ ನನ್ನ ತಾಯಿಮನೆ ಅದೇ ಪದವಿನ ಕೆಳಗೆ. ಅದಕ್ಕಾಗಿ ಬರೆಯುತ್ತಿದ್ದೇನೆ, ಯಾರೂ ತಪ್ಪು ತಿಳಿಯಬೇಡಿ.

ತಮ್ಮಾ, ನಿನ್ನ ಆರನೇ ಹೋಲ್‌ನ ಆಚೆ ದಂಡೆಯಲ್ಲಿ, ಬಾಸ್ಕೆಟ್‌ನ ಹಿಂದೆ, ಒಂದು ಕಾಲುದಾರಿ ಉಂಟು. ಬೇಸಗೆಯಲ್ಲಿ ಅಮ್ಮ ಮತ್ತು ಅಕ್ಕಪಕ್ಕದ ಮನೆಯವರು ಹಟ್ಟಿಗೆ ತರಗೆಲೆ ಗುಡಿಸಿ ತರುವುದು ಆ ದಾರಿಯಲ್ಲೇ. ತಲೆಯ ಮೇಲೆ ತರಗೆಲೆಯ ದೊಡ್ಡ ಕಟ್ಟು ಇದ್ದರೆ ಕಣ್ಣು ನೆಲ ಬಿಟ್ಟು ಬೇರೆ ಕಡೆಗೆ ಹೋಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ, ಎಲೆಯ ಸದ್ದಿನಲ್ಲಿ ಕಿವಿಯೂ ಕೇಳುವುದಿಲ್ಲ. ಸಂಜೆ ಐದು ಗಂಟೆಗೆ ಅವರು ಬರುವ ಹೊತ್ತಿಗೆ ಸರಿಯಾಗಿ ನೀವು ಆಡುವವರು ಬರುತ್ತೀರಿ. ಹೋದ ವಾರ ಅಮ್ಮನ ಕಾಲಿನ ಹತ್ತಿರ ಒಂದು ಡಿಸ್ಕ್ ಬಂದು ಬಿತ್ತಂತೆ. ಯಾರೋ 'ಫೋರ್' ಅಂತ ಕೂಗಿದರಂತೆ. ಅಮ್ಮ ಮನೆಗೆ ಬಂದು ಕೇಳಿದರು, 'ನಾಲ್ಕು ಎಂತದ್ದು?' ಅಂತ. ಗಾಲ್ಫ್ ಆಡುವವರಿಗೆ ಅದು ಎಚ್ಚರಿಕೆಯ ಕೂಗು ಅಂತ ನನಗೂ ಆಮೇಲೆ ಗೊತ್ತಾದದ್ದು.

ಪಬ್ಲಿಕ್ ಕೋರ್ಸ್ ಅಂತ ಹೇಳುತ್ತೀರಿ. ಆ ಪಬ್ಲಿಕ್‌ನಲ್ಲಿ ಅಮ್ಮನೂ ಇದ್ದಾರೆ. ಅವರು ಆಡದಿದ್ದರೂ ಇದ್ದಾರೆ. ಹಾಲಿನ ಸೊಸೈಟಿಗೆ ಹೋಗುವವರು, ಮದ್ರಸಕ್ಕೆ ಹೋಗುವ ಮಕ್ಕಳು, ದನ ಬಿಡುವವರು ಎಲ್ಲರೂ ಇದ್ದಾರೆ.

ಮಳೆಗಾಲದ ಬಗ್ಗೆಯೂ ಒಂದು ಮಾತು. ನೀನು ಈ ಕೋರ್ಸ್ ಹಾಕಿದ್ದು ಜನವರಿಯಲ್ಲಿ ಅಲ್ವಾ? ಆಗ ಪದವು ಒಣಗಿ ಚಪ್ಪಟೆ ಇರುತ್ತದೆ. ಜೂನ್ ಕಳೆಯಲಿ, ಏಳನೇ ಹೋಲ್‌ನ ಪಕ್ಕದ ತಗ್ಗು ಪಳ್ಳವಾಗಿ ನೀರು ನಿಲ್ಲುತ್ತದೆ. ಮುರಕಲ್ಲಿನ ಮೇಲೆ ಪಾಚಿ ಹಿಡಿಯುತ್ತದೆ, ಓಡಿ ಬಂದು ಎಸೆಯುವವರು ಜಾರಿ ಬಿದ್ದರೆ ಮೊಣಕಾಲು ಉಳಿಯುವುದಿಲ್ಲ. ಮುಳಿಹುಲ್ಲು ಸೊಂಟದವರೆಗೆ ಬರುತ್ತದೆ, ಅದರೊಳಗೆ ಬಿದ್ದ ಡಿಸ್ಕ್ ಸಿಗುವುದು ಮತ್ತೆ ಹುಲ್ಲು ಒಣಗಿದ ಮೇಲೆ. ಓಣಂ ಹೊತ್ತಿಗೆ ಮಕ್ಕಳು ಪದವಿನ ತುಂಬಾ ಹೂ ಕೊಯ್ಯುತ್ತಾ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಹುಲ್ಲಿನ ನಡುವೆ ಕಾಣಿಸುವುದೂ ಇಲ್ಲ. ಒಂದು ಜಾಗ ಸರಿ ಇದೆಯಾ ಅಂತ ನೋಡಬೇಕಾದರೆ ವರ್ಷದ ಎಲ್ಲ ಕಾಲದಲ್ಲೂ ನೋಡಬೇಕು.

ಉಪ್ಪಳ ವೆಲ್ಡಿಂಗ್:

ಕಾಂಕ್ರೀಟ್ ವಿಷಯಕ್ಕೆ ಮಾತ್ರ ಹೇಳುತ್ತೇನೆ. ಕಂಬವನ್ನು ಸೀದಾ ಕಾಂಕ್ರೀಟಿಗೆ ಇಳಿಸಬೇಡಿ ಮಾರಾಯ್ರೆ. ಕಂಬ ಒಳಗೆ ಇಳಿಯುವಷ್ಟು ದಪ್ಪದ ಜಿಐ ಪೈಪಿನ ತುಂಡು, ಒಂದೂವರೆ ಎರಡು ಅಡಿ, ಅದನ್ನು ಮಾತ್ರ ಹೂತು ಕಾಂಕ್ರೀಟ್ ಹಾಕಿ. ಬಾಸ್ಕೆಟ್ ಮೇಲಿನಿಂದ ಇಳಿಸಿ ಅಡ್ಡ ಬೋಲ್ಟ್ ಹಾಕಿ ಬೀಗ ಹಾಕುವುದು. ಒಂದು ಹೋಲ್‌ಗೆ ಇಂತಹ ಎರಡು ಮೂರು ಪೈಪ್ ಬೇರೆ ಬೇರೆ ಜಾಗದಲ್ಲಿ ಹೂತಿಟ್ಟರೆ ಬಾಸ್ಕೆಟ್ ಬೇಕಾದಾಗ ಬದಲಿಸಬಹುದು, ಮಳೆಗಾಲಕ್ಕೆ ಒಂದು ಜಾಗ, ಬೇಸಗೆಗೆ ಒಂದು. ಖಾಲಿ ಪೈಪಿಗೆ ಮುಚ್ಚಳ ಮರೆಯಬೇಡಿ, ಇಲ್ಲದಿದ್ದರೆ ದನದ ಕಾಲು ಹೋಗುತ್ತದೆ. ಪೈಪಿನ ಅಡಿಯಲ್ಲಿ ಜಲ್ಲಿ ಹಾಕಿ, ನೀರು ಇಳಿಯಬೇಕು. ನಮ್ಮ ಕಡಲ ಗಾಳಿಗೆ ಸಾದಾ ಕಬ್ಬಿಣದ ಚೈನು ಎರಡು ಮಳೆಗೆ ಕೆಂಪಾಗುತ್ತದೆ, ಗ್ಯಾಲ್ವನೈಸ್ ಮಾಡಿದ್ದೇ ಹಾಕಿ. ಫೋಟೋದಲ್ಲಿ ಚೈನು ಒಂದೇ ಸುತ್ತು ಕಂಡಿತು. ಒಳಗೆ ಇನ್ನೊಂದು ಸುತ್ತು ಆರಾದರೂ ಕಟ್ಟಿ, ಇಲ್ಲದಿದ್ದರೆ ಸರಿಯಾಗಿ ಎಸೆದದ್ದೂ ತೂರಿ ಆಚೆ ಹೋಗುತ್ತದೆ, ಎಸೆದವನ ಹೊಟ್ಟೆ ಉರಿಯುತ್ತದೆ.

ಪದವಿನ ಹುಡುಗ:

ಎಲ್ಲರಿಗೂ ಧನ್ಯವಾದ. ಅಕ್ಕ, ಮೊದಲು ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ನಾಳೆಯೇ ಮನೆಗೆ ಹೋಗಿ ಅಮ್ಮನ ಹತ್ತಿರವೂ ಮಾತಾಡುತ್ತೇನೆ.

ಆದರೆ ಆರನೇ ಹೋಲ್ ತೆಗೆಯಲು ನನಗೆ ಮನಸ್ಸು ಬರುತ್ತಿಲ್ಲ. ಬಂದವರೆಲ್ಲ ಫೋಟೋ ತೆಗೆಯುವುದು ಅಲ್ಲೇ. ದಾರಿಯ ಹತ್ತಿರ ಒಂದು ಬೋರ್ಡ್ ಹಾಕಿ, ಎಸೆಯುವ ಮುಂಚೆ ಒಬ್ಬರು ಆಚೆ ದಂಡೆಯಲ್ಲಿ ನಿಂತು ನೋಡಬೇಕು ಅಂತ ನಿಯಮ ಮಾಡಿದರೆ ಸಾಲದಾ? ದೂರದ ಕುಂಬಳೆಯವರೇ, ನೀವು ಏನೋ ಹೇಳುತ್ತೇನೆ ಅಂದಿದ್ದಿರಿ.

ದೂರದ ಕುಂಬಳೆ, ಒರೆಗಾನ್:

ಸಾಲದು. ಬೋರ್ಡ್ ಓದುವುದು ಮೊದಲ ದಿನ ಮಾತ್ರ. ಆಚೆ ನಿಂತು ನೋಡುವ ನಿಯಮ ನಾಲ್ಕು ಜನ ಬಂದಾಗ ನಡೆಯುತ್ತದೆ, ಒಬ್ಬನೇ ಬಂದ ದಿನ ಯಾರು ನಿಲ್ಲುತ್ತಾರೆ? ಜನ ಮರೆತರೂ ಅಪಾಯ ಆಗದ ಹಾಗೆ ಹೋಲ್ ಇಡಬೇಕು.

ಕಾಲುದಾರಿ ಒಂದು ಅಪಾಯ. ಕೋರೆ ಇನ್ನೊಂದು. 84 ಮೀಟರ್ ಅಂದರೆ ಬರೀ ಹವ್ಯಾಸಕ್ಕೆ ಆಡುವವರಿಗೆ ಪೂರ್ತಿ ಬಲದ ಎಸೆತ. ಹೊಸಬರದ್ದು 50, 60 ಮೀಟರ್ ದಾಟುವುದಿಲ್ಲ, ಅಂದರೆ ಅವರ ಡಿಸ್ಕ್ ಹೊಂಡದೊಳಗೆ. ಹದಿನಾಲ್ಕು ವರ್ಷದ ಹುಡುಗ, ಹೊಸ ಡಿಸ್ಕ್, ಅಪ್ಪನ ದುಡ್ಡು. ಅವನು ಎರಡಾಳು ಆಳ ಇಳಿಯದೆ ಇರುತ್ತಾನಾ? ಮಳೆಗಾಲದಲ್ಲಿ ಅದೇ ಹೊಂಡದಲ್ಲಿ ನೀರು. ನಮ್ಮ ಕಡೆ ಹಳೆಯ ಕೋರೆಯ ನೀರು ಎಂತದ್ದು ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮ ಕಣ್ಣ ಮುಂದೆಯೇ ಉಂಟು.

ಚಂದವೂ ಉಳಿಯಬೇಕು ಅಂದರೆ ಕೋರೆಯನ್ನು ದಾಟಿಸಬೇಡಿ, ಬದಿಯಲ್ಲಿ ಇಟ್ಟುಕೊಳ್ಳಿ. ದಂಡೆಯಿಂದ 15, 20 ಮೀಟರ್ ಬಿಟ್ಟು ಅದರ ಉದ್ದಕ್ಕೆ ಎಸೆಯುವ ಹಾಗೆ ಟೀ ತಿರುಗಿಸಿ. ಹೊಂಡ ಬಲಬದಿಗೆ ಬರಲಿ, ಬಲಗೈಯವರ ಡಿಸ್ಕ್ ಕೊನೆಗೆ ಎಡಕ್ಕೆ, ಹೊಂಡದಿಂದ ದೂರಕ್ಕೆ ಬಾಗುತ್ತದೆ. ಹೊಂಡದ ಅಂಚಿಗೆ ಗಟ್ಟಿ ಬೇಲಿ. ಬೇಲಿ ದಾಟಿದರೆ ಔಟ್ ಆಫ್ ಬೌಂಡ್ಸ್, ಒಂದು ಎಸೆತ ದಂಡ, ಡಿಸ್ಕ್ ತೆಗೆಯುವುದು ಕ್ಲಬ್ಬಿನವರು ಮಾತ್ರ, ಏಣಿ ಇಟ್ಟು. ಕೆಂಪು ಗೋಡೆ ಆಗಲೂ ಕಾಣುತ್ತದೆ.

ಒಂದು ವಿಷಯ ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ. ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಶಾಶ್ವತ ಕೋರ್ಸ್ ಮಾಡಿದಾಗ ಬಾಸ್ಕೆಟ್ ಇರಲೇ ಇಲ್ಲ, ಬರೀ ಕಂಬ. ಡಿಸ್ಕ್ ತಾಗಿತೋ ಇಲ್ಲವೋ ಅಂತ ಜಗಳ. ಚೈನಿನ ಬಾಸ್ಕೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1977ರಲ್ಲಿ. ಆಟಕ್ಕೆ ರೂಪ ಕೊಟ್ಟವರೇ ಆಡಿಸಿ, ನೋಡಿ, ಬದಲಿಸಿದ್ದಾರೆ. ನೀವು ಜನವರಿಯಲ್ಲಿ ಇಟ್ಟದ್ದನ್ನು ಮೇಯಲ್ಲಿ ಬದಲಿಸಿದರೆ ಯಾರೂ ಏನೂ ಅನ್ನುವುದಿಲ್ಲ.

ಇನ್ನೊಂದು ಅನುಮಾನ. ನೀವು ಫಿನ್ಲೆಂಡಿನ ಕಾಡಿನ ಕೋರ್ಸ್ ಮನಸ್ಸಿನಲ್ಲಿಟ್ಟು ಗೇರು ಹಿತ್ತಿಲಿಗೆ ಹೋಗಿದ್ದೀರಿ ಅಂತ ಕಾಣುತ್ತದೆ. ಅಲ್ಲಿ ಪೈನ್ ಮರ ನೆಟ್ಟಗೆ, ಕೆಳಗೆ ಕೊಂಬೆ ಇಲ್ಲ. ನಮ್ಮ ಪದವಿನಲ್ಲಿ ಇರುವುದು ಗಾಳಿ. ಮಧ್ಯಾಹ್ನ ದಾಟಿದರೆ ಪಡುವಣದಿಂದ ಕಡಲ ಗಾಳಿ ಬರುತ್ತದಲ್ಲ, ಅದೇ ನಿಮ್ಮ ಮರ. ಎದುರು ಗಾಳಿಗೆ ಎಸೆದರೆ ಡಿಸ್ಕ್ ಮೇಲೇಳುತ್ತದೆ, ಹಗುರದ್ದಾದರೆ ಬಲಕ್ಕೆ ಮಗುಚುತ್ತದೆ. ಬೆನ್ನ ಗಾಳಿಗೆ ಕೆಳಗೆ ಒತ್ತಿ ಹಾಕುತ್ತದೆ. ಒಂದು ಹೋಲ್ ಪಡುವಣಕ್ಕೆ, ಮುಂದಿನದ್ದು ಮೂಡಣಕ್ಕೆ, ಮತ್ತೊಂದು ಅಡ್ಡಕ್ಕೆ ಇಟ್ಟರೆ ಬಯಲಲ್ಲೂ ತಲೆ ಓಡಿಸಿ ಆಡಬೇಕಾಗುತ್ತದೆ. ನಿಮ್ಮ ಸಪ್ಪೆಯಾದ ಮೂರನೇ ಹೋಲ್‌ಗೆ ಇದೇ ಮದ್ದು.

ಪದವಿನ ಹುಡುಗ (ಎರಡು ವಾರ ಬಿಟ್ಟು):

ಹೇಳಿದ ಹಾಗೆ ಮಾಡಿದೆ. ಎರಡು ಭಾನುವಾರ ಒಂದು ಡಿಸ್ಕ್ ಸಹ ಮುಟ್ಟಲಿಲ್ಲ. 19 ಜನರ ಸ್ಕೋರ್ ಬರೆದೆ.

ಮೂರನೇ ಹೋಲ್‌ನಲ್ಲಿ 16 ಜನ 3 ಮಾಡಿದರು. ನಾಲ್ಕನೆಯದರಲ್ಲಿ 2ರಿಂದ 8ರವರೆಗೆ ಹೋಯಿತು, ನಮ್ಮಲ್ಲಿ ಚೆನ್ನಾಗಿ ಆಡುವ ಹುಡುಗನ ಹತ್ತು ಡಿಸ್ಕ್ ಹತ್ತು ಕಡೆ. ಅದರಲ್ಲಿ ಎರಡು ಗೇರಿನ ಚಿಗುರು ಮುರಿದು ಬಿದ್ದವು. ಫಸಲಿನ ಹೊತ್ತು, ಜಾಗದವರು ಏನೂ ಹೇಳಲಿಲ್ಲ, ನನಗೇ ನಾಚಿಕೆಯಾಯಿತು. ಆ ಹೋಲ್ ಹಿತ್ತಿಲಿನಿಂದ ಹೊರಗೆ ತೆಗೆದು ಪದವಿನ ಮೇಲೆ ಬಲಕ್ಕೆ ತಿರುಗುವ ಹಾಗೆ ಹಾಕುತ್ತಿದ್ದೇವೆ, ಮಾಷ್ಟ್ರ ಲೆಕ್ಕಕ್ಕೆ ಒಂದು ಸೇರಿತು. ಮೂರನೆಯದು ಪಡುವಣ ಗಾಳಿಗೆ ಎದುರು ತಿರುಗಿಸಿ 68 ಮೀಟರ್ ಮಾಡಿದೆವು. ನಿನ್ನೆ ಸಂಜೆ ಆಡಿಸಿ ನೋಡಿದರೆ ಐದು ಜನರಲ್ಲಿ 2, 3, 3, 4, 5 ಬಂತು. ನನಗೆ ಎಷ್ಟು ಖುಷಿ ಆಯಿತು ಅಂತ ಹೇಳಲಿಕ್ಕೆ ಬರುವುದಿಲ್ಲ.

ಆರನೇ ಹೋಲ್. ಮೊದಲ ಭಾನುವಾರ ಬೆಳಿಗ್ಗೆ ಯಾರೂ ಬರುವ ಮುಂಚೆ ಆಚೆ ದಂಡೆಗೆ ಹೋದೆ, ಮರದ ಗಾಯದ ಕತೆ ತಲೆಯಲ್ಲಿತ್ತು. ಅಲ್ಲಿ ಮರ ಇಲ್ಲ, ಕಾಲುದಾರಿಯ ಬದಿಗೆ ಮೊಣಕಾಲೆತ್ತರದ ಮುರಕಲ್ಲಿನ ಕಟ್ಟೆ ಉಂಟು. ಬಗ್ಗಿ ನೋಡಿದೆ. ಕಲ್ಲಿನ ಅಂಚಿಗೆ ಕಿತ್ತಳೆ ಬಣ್ಣದ ಗೀರು. ಸ್ವಲ್ಪ ಆಚೆ ನೀಲಿ. ಆಮೇಲೆ ಹಸಿರು, ಮತ್ತೆ ಕಿತ್ತಳೆ. ಉಗುರಿನಿಂದ ಕೆರೆದರೆ ಪ್ಲಾಸ್ಟಿಕ್ ಪುಡಿ ಎದ್ದು ಬಂತು. ಹನ್ನೊಂದು ಗೀರು ಎಣಿಸಿದೆ, ಎಲ್ಲ ದಾರಿಯ ಈಚೆ ಬದಿಯಲ್ಲೇ. ಕಿತ್ತಳೆ ಡಿಸ್ಕ್ ಇರುವುದು ನನ್ನ ಹತ್ತಿರ ಮಾತ್ರ.

ಅದೇ ದಿನ ಆ ಬಾಸ್ಕೆಟ್ ಕಿತ್ತೆವು. ಈಗ ಟೀ ತಿರುಗಿಸಿ ಕೋರೆಯ ಉದ್ದಕ್ಕೆ 76 ಮೀಟರ್, ಹೊಂಡ ಬಲಕ್ಕೆ, ದಂಡೆಯಿಂದ 18 ಮೀಟರ್ ದೂರ. ಬೇಲಿಗೆ ಕಲ್ಲಿನ ಕಂಬ ತರಿಸಿದ್ದೇವೆ. ಬೇಲಿ ಮುಗಿಯುವವರೆಗೆ ಆ ಹೋಲ್ ಬಂದ್, 8 ಹೋಲ್ ಮಾತ್ರ ಆಟ. ಉಪ್ಪಳದವರೇ, ಪೈಪಿನ ಲೆಕ್ಕ ಮಾಡಿದೆ, ಒಂದು ಹೋಲ್‌ಗೆ ಎರಡರ ಹಾಗೆ 18 ತುಂಡು ಬೇಕು, ನಿಮಗೆ ಮೆಸೇಜ್ ಮಾಡುತ್ತೇನೆ. ಮಕ್ಕಳಿಗೂ ಹೊಸಬರಿಗೂ ಇಡುವ ಮುಂದಿನ ಟೀಗಳಿಗೆ ಮಾಷ್ಟ್ರ ಶಾಲೆಯ ಮಕ್ಕಳು ಶನಿವಾರ ಕಲ್ಲಿಗೆ ಬಣ್ಣ ಹಚ್ಚಲು ಬರುತ್ತಿದ್ದಾರೆ, ಎಡಗೈಯ ಹುಡುಗಿಯೂ ಸೇರಿ.

ಅಕ್ಕ, ನಿಮ್ಮ ಅಮ್ಮನ ಮನೆಗೆ ಹೋಗಿದ್ದೆ. ಅವರು ನನ್ನನ್ನೇ ಕೂರಿಸಿ ಬಚ್ಚಲು ನೀರು ಹರಿಯುವ ದಾರಿಯಿಂದ ಹಿಡಿದು ಪದವಿನಲ್ಲಿ ಯಾವ ತಗ್ಗಿನಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಅಂತ ಎಲ್ಲ ಹೇಳಿದರು. ನಾಳಿದ್ದು ನನ್ನ ಜೊತೆ ಮೇಲೆ ಬಂದು ಜಾಗ ತೋರಿಸುತ್ತಾರಂತೆ. ಏಳನೇ ಹೋಲ್‌ನ ಮಳೆಗಾಲದ ಪೈಪ್ ಎಲ್ಲಿ ಹೂಳಬೇಕು ಅಂತ ಅವರು ಹೇಳಿದ ಮೇಲೆಯೇ ಗುಂಡಿ ತೋಡುತ್ತೇವೆ.